ಸ್ವತ್ವ, ಸ್ವಾತಂತ್ರ್ಯ, ಪ್ರಭಾವ: ಎಣ್ಣೆ ಕಂಪೆನಿಗಳ ಒಡೆತನವನ್ನು ಕುರಿತ ಎರಡು ಗ್ರಂಥಗಳ ವಿಮರ್ಶೆ

ದೊಡ್ಡ ಎಣ್ಣೆ ಕಂಪೆನಿಗಳ ವಿಷಯವಾಗಿ ಕನ್ನಡದಲ್ಲಿ ಬರೆಯುವವರು ಷೇರು ಹಿಡಿದವರನ್ನು ಒಮ್ಮೆ ‘ಪಾಲುದಾರ’ರೆಂದೂ ಒಮ್ಮೆ ‘ಒಡೆಯ’ರೆಂದೂ ಕರೆಯುವುದುಂಟು. ಎರಡು ಶಬ್ದಗಳೂ ಒಂದೇ ಅರ್ಥವನ್ನು ಕೊಡುತ್ತವೆಂಬ ನಂಬಿಕೆಯಿಂದಲೇ ಈ ಪ್ರಯೋಗವು ನಡೆದಿರಬೇಕು. ಆದರೆ ಶಬ್ದಾರ್ಥವಿಚಾರದಲ್ಲಿ ಸ್ವಲ್ಪ ಪರಿಶ್ರಮವುಳ್ಳವರಿಗೆ ಇಲ್ಲಿ ಸಂಶಯವು ಹುಟ್ಟದೆ ಇರದು. ಯಾವನು ಕಂಪೆನಿಯ ಸ್ವತ್ತಿನಲ್ಲಿ ಒಂದು ಕೊಳವೆಯನ್ನಾದರೂ ತನಗೆ ತೋರಿದಂತೆ ವಿನಿಯೋಗಿಸಲಾರನೋ, ಯಾವನು ಅದರ ಕಾರ್ಖಾನೆಯ ಬಾಗಿಲನ್ನು ದಾಟುವುದಕ್ಕೂ ಅಪ್ಪಣೆಯನ್ನು ಬೇಡಬೇಕೋ, ಅವನನ್ನು ಒಡೆಯನೆಂದು ಕರೆಯುವುದು ಮುಖ್ಯಾರ್ಥದಿಂದಲೋ ಲಕ್ಷಣೆಯಿಂದಲೋ? ಲಕ್ಷಣೆಯಿಂದಾದರೆ ಅದಕ್ಕೆ ನಿಮಿತ್ತವೇನು, ಪ್ರಯೋಜನವೇನು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಮೆರಿಕದಲ್ಲಿ ಪ್ರಸಿದ್ಧವಾದ ಎರಡು ಗ್ರಂಥಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಮೊದಲನೆಯದು ಕುಮಾರಿ ಐಡಾ ಟಾರ್ಬೆಲ್ ಬರೆದ ‘ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯ ಚರಿತ್ರೆ’ (೧೯೦೪). ಎರಡನೆಯದು ಅಡಾಲ್ಫ್ ಬರ್ಲಿ, ಗಾರ್ಡಿನರ್ ಮೀನ್ಸ್ ಎಂಬಿಬ್ಬರು ಕೂಡಿ ರಚಿಸಿದ ‘ಆಧುನಿಕ ಕಾರ್ಪೊರೇಷನ್ನು ಮತ್ತು ಖಾಸಗಿ ಸ್ವತ್ತು’ (೧೯೩೨). ಈ ಎರಡನೆಯದು ಎಣ್ಣೆಯ ವ್ಯಾಪಾರವನ್ನು ಮಾತ್ರ ಕುರಿತದ್ದಲ್ಲ. ಆದರೆ ಅದರ ಮುಖ್ಯ ದೃಷ್ಟಾಂತಗಳಲ್ಲೊಂದು ಎಣ್ಣೆ ಕಂಪೆನಿಯದೇ ಆದುದರಿಂದ ಇಲ್ಲಿ ಗ್ರಾಹ್ಯವಾಗಿದೆ.

ಮೊದಲೇ ಒಂದು ಆಕ್ಷೇಪವನ್ನು ಪರಿಹರಿಸಿಕೊಳ್ಳಬೇಕು. ಅಮೆರಿಕದ ಕಲ್ಲೆಣ್ಣೆಯೆಲ್ಲಿ, ನಮ್ಮ ಸ್ಮೃತಿಗ್ರಂಥಗಳೆಲ್ಲಿ? ಇದರ ಅಳತೆಗೋಲಿನಿಂದ ಅದನ್ನು ಅಳೆಯುವುದು ಉಚಿತವೆ? ಈ ಆಕ್ಷೇಪಕ್ಕೆ ಉತ್ತರವನ್ನು ನಮ್ಮ ನಾಡಿನಲ್ಲಿಯೇ ಹುಟ್ಟಿದ ಗ್ರಂಥವೊಂದು ಕೊಟ್ಟಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯ ದಾಯವಿಭಾಗದ ಆರಂಭದಲ್ಲಿ, ಸ್ವತ್ವವು ಶಾಸ್ತ್ರದಿಂದ ಮಾತ್ರವೇ ತಿಳಿಯತಕ್ಕದ್ದೋ ಲೋಕದಿಂದ ತಿಳಿಯತಕ್ಕದ್ದೋ ಎಂದು ವಿಚಾರಮಾಡಿ, ಅದು ಲೌಕಿಕವೇ ಎಂದು ನಿರ್ಣಯಿಸುತ್ತಾನೆ. ಶಾಸ್ತ್ರದ ಪರಿಚಯವಿಲ್ಲದ ಗಡಿನಾಡಿನ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತಿರುವುದು ಅವನು ಕೊಡುವ ಹೇತುಗಳಲ್ಲೊಂದು. ಸ್ವತ್ವವು ಹೀಗೆ ಸರ್ವಜನಸಾಧಾರಣವಾದ ವ್ಯವಹಾರವಾದ ಮೇಲೆ, ಅದರ ವಿಷಯದಲ್ಲಿ ನಮ್ಮವರು ಮಾಡಿಟ್ಟ ಸೂಕ್ಷ್ಮವಿಭಾಗಗಳು ಕಲ್ಯಾಣಕ್ಕೆ ಸಲ್ಲುವಂತೆ ಕ್ಲೀವ್‌ಲೆಂಡಿಗೂ ಸಲ್ಲಬೇಕು.

ಆ ವಿಭಾಗಗಳಲ್ಲಿ ಪ್ರಕೃತಕ್ಕೆ ಬೇಕಾದವು ಎರಡು. ಒಂದು, ಸ್ವತ್ವಕ್ಕೂ ಸ್ವಾತಂತ್ರ್ಯಕ್ಕೂ ಇರುವ ಭೇದ. ಮಿತಾಕ್ಷರೆಯ ಮತದಲ್ಲಿ ಪಿತಾಮಹನಿಂದ ಬಂದ ದ್ರವ್ಯದಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟು. ಆದರೂ ಅವಶ್ಯಕವಾದ ಧರ್ಮಕಾರ್ಯ, ಕುಟುಂಬಪೋಷಣೆ, ಆಪತ್ಪರಿಹಾರ ಮೊದಲಾದವುಗಳಿಗಾಗಿ ಜಂಗಮದ್ರವ್ಯವನ್ನು ವಿನಿಯೋಗಿಸುವ ಸ್ವಾತಂತ್ರ್ಯವು ತಂದೆಯದು. ಸ್ಥಾವರದಲ್ಲಾದರೋ ತಂದೆಯೂ ಮಕ್ಕಳಿಗೆ ಪರತಂತ್ರನು. ಅಂದರೆ ವಸ್ತುವು ಒಬ್ಬನದಾಗಿರುವುದು ಬೇರೆ, ಅದನ್ನು ನಡಸುವ ಅಧಿಕಾರವು ಅವನಲ್ಲಿರುವುದು ಬೇರೆ. ಎರಡು, ಸಂಭೂಯಸಮುತ್ಥಾನ, ಎಂದರೆ ವರ್ತಕರು ಒಟ್ಟುಗೂಡಿ ನಡಸುವ ವ್ಯಾಪಾರ. ಯಾಜ್ಞವಲ್ಕ್ಯನು ಹೇಳುವಂತೆ ಇದರಲ್ಲಿ ಲಾಭ ಮತ್ತು ನಷ್ಟಗಳೆರಡೂ ಹಾಕಿದ ಹಣಕ್ಕೆ ಅಥವಾ ಮಾಡಿಕೊಂಡ ಒಪ್ಪಂದಕ್ಕೆ ಅನುಸಾರವಾಗಿ ಹಂಚಿಹೋಗುತ್ತವೆ. ಉಳಿದವರು ನಿಷೇಧಿಸಿದ್ದನ್ನು ಅಥವಾ ಒಪ್ಪದಿದ್ದುದನ್ನು ಮಾಡಿ ಕೆಡಿಸಿದವನು ಆ ನಷ್ಟವನ್ನು ತುಂಬಿಕೊಡಬೇಕು. ಇಲ್ಲಿ ಪ್ರತಿಯೊಬ್ಬನೂ ಕರ್ತೃ, ಪ್ರತಿಯೊಬ್ಬನ ಅನುಮತಿಗೂ ಬೆಲೆಯುಂಟು. ‘ಪಾಲುದಾರ’ ಎಂಬ ಕನ್ನಡ ಶಬ್ದಕ್ಕೆ ಸರಿಯಾದ ವಾಚ್ಯನು ಇವನೇ. ಈ ಎರಡು ಅಂಶಗಳನ್ನು ನೆನಪಿನಲ್ಲಿಟ್ಟುಕೊಂಡು ಗ್ರಂಥಗಳ ಕಡೆಗೆ ಹೋಗೋಣ.

ಕುಮಾರಿ ಟಾರ್ಬೆಲ್ ಪೆನ್ಸಿಲ್ವೇನಿಯದ ಎಣ್ಣೆಯ ಸೀಮೆಯಲ್ಲಿ ಬೆಳೆದವಳು. ಎಣ್ಣೆಯನ್ನು ತುಂಬುವ ತೊಟ್ಟಿಗಳನ್ನು ಮಾಡಿಸುತ್ತಿದ್ದ ಅವಳ ತಂದೆ ರಾಕ್‌ಫೆಲ್ಲರನ ವಿರೋಧಪಕ್ಷದವನು. ಹೀಗಿದ್ದರೂ ಅವಳ ಗ್ರಂಥವು ಕೇವಲ ದ್ವೇಷದ ಬರವಣಿಗೆಯಲ್ಲ. ೧೯೦೨ರ ನವಂಬರಿನಿಂದ ‘ಮೆಕ್ಲ್ಯೂರ್ಸ್’ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟವಾದ ಈ ಬರೆಹವು ನ್ಯಾಯಾಲಯಗಳ ಸಾಕ್ಷ್ಯ, ಶಾಸನಸಭೆಗಳ ವಿಚಾರಣೆ, ರೈಲ್ವೆಯ ಬಾಡಿಗೆಯ ಲೆಕ್ಕ ಇವುಗಳನ್ನು ಆಧಾರವಾಗಿಟ್ಟುಕೊಂಡಿದೆ. ಗ್ರಂಥದ ಕೊನೆಗೆ ದಸ್ತಾವೇಜುಗಳ ದೊಡ್ಡ ಅನುಬಂಧವೇ ಇದೆ. ಕಂಪೆನಿಯ ನ್ಯಾಯವಾದ ಹಿರಿಮೆಯನ್ನು ಒಪ್ಪಿಕೊಳ್ಳುವುದಕ್ಕಾಗಿ ಆಕೆ ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟಿದ್ದಾಳೆ. ಎದುರಾಳಿಯ ಗುಣವನ್ನು ಹೇಳಿ ದೋಷವನ್ನು ಹೇಳುವ ಈ ಕ್ರಮವು ಚರಿತ್ರಕಾರರಿಗೆ ಅನುಕರಣೀಯವಾದದ್ದು.

ಆದರೆ ಗ್ರಂಥದಲ್ಲಿ ಒಂದು ಮೂಲದೋಷವಿದೆ. ಸ್ವತ್ವ, ಸ್ವಾತಂತ್ರ್ಯ, ಪ್ರಭಾವ ಈ ಮೂರನ್ನೂ ಗ್ರಂಥಕರ್ತ್ರಿಯು ಒಬ್ಬನೇ ಪುರುಷನಲ್ಲಿ ಕಾಣುತ್ತಾಳೆ. ಸಹಚರರ ಹೆಸರುಗಳು ಬರುತ್ತವೆ ನಿಜ. ಆದರೂ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವುದು ಕಂಪೆನಿಯೆಂದರೆ ರಾಕ್‌ಫೆಲ್ಲರ್, ರಾಕ್‌ಫೆಲ್ಲರ್ ಎಂದರೆ ಕಂಪೆನಿ ಎಂಬ ತಾದಾತ್ಮ್ಯ. ಲೆಕ್ಕವು ಇದನ್ನು ಸಮರ್ಥಿಸುವುದಿಲ್ಲ. ೧೮೭೦ರಲ್ಲಿ ಒಹಾಯೊ ಸಂಸ್ಥಾನದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಸ್ಥಾಪಿತವಾದಾಗ ೧೦,೦೦೦ ಷೇರುಗಳಲ್ಲಿ ಜಾನ್ ರಾಕ್‌ಫೆಲ್ಲರನ ಸ್ವಂತದ್ದು ೨,೬೬೭. ೧೯೧೧ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಂಪೆನಿಯನ್ನು ಒಡೆದಾಗಲೂ ಅವನದು ಸುಮಾರು ಕಾಲುಭಾಗವೇ. ಮೇಲಾಗಿ, ೧೮೯೭ರ ಸುಮಾರಿಗೆ ಅವನು ದಿನದಿನದ ಆಡಳಿತದಿಂದ ಹಿಂದೆ ಸರಿದಿದ್ದನು. ಅಧ್ಯಕ್ಷನೆಂಬ ಹೆಸರು ಉಳಿದಿತ್ತು. ಆದರೆ ಟಾರ್ಬೆಲ್ ಬರೆಯುತ್ತಿದ್ದ ಕಾಲದಲ್ಲಿ ಕಾರ್ಯವನ್ನು ನಡಸುತ್ತಿದ್ದವನು ಜಾನ್ ಆರ್ಚ್‌ಬೋಲ್ಡ್. ಹಾಗಾದರೆ ಕಾಲುಭಾಗದ ಸ್ವತ್ವವುಳ್ಳವನು ಪೂರ್ಣಪ್ರಭುವಾಗಿ ಕಂಡದ್ದು ಹೇಗೆ?

ಇದಕ್ಕೆ ಉತ್ತರವು ೧೮೮೨ರ ಟ್ರಸ್ಟಿನ ಒಪ್ಪಂದದಲ್ಲಿದೆ. ಸುಮಾರು ೪೦ ಕಂಪೆನಿಗಳ ಷೇರುಗಳನ್ನು ಹಿಡಿದಿದ್ದವರು ಅವನ್ನು ಒಂಬತ್ತು ಮಂದಿ ಟ್ರಸ್ಟಿಗಳಿಗೆ ಒಪ್ಪಿಸಿ, ಬದಲಾಗಿ ಸರ್ಟಿಫಿಕೇಟುಗಳನ್ನು ಪಡೆದರು. ಲಾಭವು ಸರ್ಟಿಫಿಕೇಟು ಹಿಡಿದವರಿಗೆ. ಕಂಪೆನಿಗಳಲ್ಲಿ ಮತ ಕೊಡುವ ಅಧಿಕಾರವು ಟ್ರಸ್ಟಿಗಳಿಗೆ. ಟ್ರಸ್ಟಿಗಳನ್ನು ಚುನಾಯಿಸುವ ಹಕ್ಕು ಸರ್ಟಿಫಿಕೇಟುದಾರರಿಗಿತ್ತು; ಆದರೆ ಅರ್ಧಕ್ಕಿಂತ ಹೆಚ್ಚು ಸರ್ಟಿಫಿಕೇಟುಗಳು ಆ ಒಂಬತ್ತು ಮಂದಿಯಲ್ಲಿಯೇ ಇದ್ದವು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ವತ್ವವನ್ನು ಎಲ್ಲರಲ್ಲಿಯೂ ಉಳಿಸಿ ಸ್ವಾತಂತ್ರ್ಯವನ್ನು ಮಾತ್ರ ಬಿಡಿಸಿ ಒಂದೆಡೆ ಸೇರಿಸಿದ ಯುಕ್ತಿಯಿದು. ಟಾರ್ಬೆಲ್ ಈ ಯುಕ್ತಿಯನ್ನು ಬಲ್ಲಳು, ವಿವರಿಸುತ್ತಾಳೆ. ಆದರೆ ಅದನ್ನು ರಾಕ್‌ಫೆಲ್ಲರನ ಚಾತುರ್ಯವೆಂದು ಎಣಿಸಿ ಮುಂದೆ ಹೋಗುತ್ತಾಳೆ. ಪುರುಷನು ಹೋದರೂ ಯುಕ್ತಿಯು ನಿಲ್ಲುತ್ತದೆಂಬುದು ಅವಳ ಕಣ್ಣಿಗೆ ಬೀಳಲಿಲ್ಲ. ೧೯೧೧ರ ತೀರ್ಪಿನ ಮೇಲೆ ಕಂಪೆನಿಯು ೩೪ ಭಾಗಗಳಾಯಿತು. ಹಳೆಯ ಷೇರುದಾರರಿಗೇ ಅವರವರ ಪ್ರಮಾಣಕ್ಕೆ ತಕ್ಕಂತೆ ಹೊಸ ಷೇರುಗಳು ಹಂಚಿಹೋದವು, ಅವುಗಳ ಬೆಲೆಯೂ ಏರಿತು. ಮುರಿದದ್ದು ಕೂಡಿದ ಸ್ವಾತಂತ್ರ್ಯ. ಸ್ವತ್ವಕ್ಕೆ ಕೂದಲೂ ಕೊಂಕಲಿಲ್ಲ. ಒಬ್ಬ ಒಡೆಯನನ್ನು ಶಿಕ್ಷಿಸಿದೆವೆಂದು ತಿಳಿದ ಜನರು ಅವನನ್ನು ಇನ್ನಷ್ಟು ಧನಿಕನನ್ನಾಗಿ ಮಾಡಿದ್ದರು.

ಬರ್ಲಿ ಮತ್ತು ಮೀನ್ಸರ ಗ್ರಂಥವು ಈ ಕೊರತೆಯನ್ನು ತುಂಬಿತು. ಬರ್ಲಿಯು ನ್ಯಾಯಶಾಸ್ತ್ರಜ್ಞ, ಮೀನ್ಸನು ಅರ್ಥಶಾಸ್ತ್ರಜ್ಞ. ಬ್ಯಾಂಕುಗಳನ್ನು ಬಿಟ್ಟು ಅಮೆರಿಕದ ೨೦೦ ಅತಿ ದೊಡ್ಡ ಕಂಪೆನಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡ ೪೪ರಷ್ಟರಲ್ಲಿ ಆಳ್ವಿಕೆಯು ಷೇರುದಾರರ ಕೈಯಲ್ಲಿಲ್ಲ, ಆಡಳಿತಗಾರರ ಕೈಯಲ್ಲಿದೆಯೆಂದು ಅವರು ಲೆಕ್ಕಹಾಕಿದರು. ಸ್ವತ್ವಸ್ವಾತಂತ್ರ್ಯಗಳ ಭೇದವನ್ನು ಪಾಶ್ಚಾತ್ಯರಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿದ ಗ್ರಂಥಗಳು ವಿರಳ. ಇವರು ಕೊಡುವ ಎಣ್ಣೆ ಕಂಪೆನಿಯ ದೃಷ್ಟಾಂತವು ಇಂಡಿಯಾನ ಸಂಸ್ಥಾನದ ಸ್ಟ್ಯಾಂಡರ್ಡ್ ಆಯಿಲಿನದು. ಅದರ ಮುಖ್ಯಾಧಿಕಾರಿಯಾದ ಕರ್ನಲ್ ರಾಬರ್ಟ್ ಸ್ಟುವರ್ಟನು ಕಂಪೆನಿಗೆ ಹೇರಳವಾದ ಲಾಭವನ್ನು ತಂದಿದ್ದನು. ಆದರೆ ಕಾಂಟಿನೆಂಟಲ್ ಟ್ರೇಡಿಂಗ್ ಕಂಪೆನಿಯ ಬಾಂಡುಗಳ ವಿಚಾರದಲ್ಲಿ ಅವನ ನಡತೆಯು ಸೆನೆಟ್ ಸಮಿತಿಯ ಮುಂದೆ ಸಂದೇಹಾಸ್ಪದವಾಯಿತು. ಕಿರಿಯ ಜಾನ್ ರಾಕ್‌ಫೆಲ್ಲರನು ಅವನ ರಾಜೀನಾಮೆಯನ್ನು ಕೇಳಿದನು, ಅವನು ಕೊಡಲಿಲ್ಲ. ರಾಕ್‌ಫೆಲ್ಲರ್ ಪಕ್ಷದ ಷೇರುಗಳು ಶೇಕಡ ೧೫ರಷ್ಟು ಮಾತ್ರ. ಉಳಿದ ಷೇರುದಾರರಿಂದ ಮತಪತ್ರಗಳನ್ನು ಕೂಡಿಸಿ ೧೯೨೯ರ ಮಾರ್ಚಿ ತಿಂಗಳ ಸಭೆಯಲ್ಲಿ ಸ್ಟುವರ್ಟನನ್ನು ತೆಗೆದುಹಾಕಬೇಕಾಯಿತು. ಇಷ್ಟು ದೊಡ್ಡ ಹೆಸರು, ಇಷ್ಟು ದೊಡ್ಡ ಹಣ, ಇಷ್ಟು ಸ್ಪಷ್ಟವಾದ ಅಪವಾದ ಇವೆಲ್ಲ ಕೂಡಿದರೂ ಬಂದ ಮತಗಳು ಸುಮಾರು ಶೇಕಡ ೬೦. ಸಾಮಾನ್ಯನಾದ ಷೇರುದಾರನಿಗೆ ಇದು ಸಾಧ್ಯವೆ ಎಂಬುದು ಗ್ರಂಥಕಾರರ ಪ್ರಶ್ನೆ.

ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಈ ಗ್ರಂಥಕ್ಕೂ ಒಂದು ಸೀಮೆಯುಂಟು. ಇವರು ಎಲ್ಲ ಕಡೆಯಲ್ಲಿಯೂ ಹುಡುಕುವುದು ಆಳ್ವಿಕೆಯನ್ನು. ಅದು ಯಾರಲ್ಲಿದೆ, ಯಾವ ಉಪಾಯದಿಂದ ಬಂದಿದೆ ಎಂದು ಐದು ಬಗೆಗಳನ್ನು ಮಾಡುತ್ತಾರೆ. ಆಳ್ವಿಕೆಯಿಲ್ಲದವನು ಅವರ ದೃಷ್ಟಿಯಲ್ಲಿ ಬಹುಮಟ್ಟಿಗೆ ಮೂಕನು. ಸ್ವತ್ವವೂ ಅಲ್ಪ, ಸ್ವಾತಂತ್ರ್ಯವೂ ಇಲ್ಲ, ಆದರೂ ಕಾರ್ಯವನ್ನು ತಿರುಗಿಸುವ ಶಕ್ತಿಯುಂಟು ಎಂಬ ಮೂರನೆಯ ಪದಾರ್ಥಕ್ಕೆ, ಎಂದರೆ ಪ್ರಭಾವಕ್ಕೆ, ಅವರ ವಿಭಾಗದಲ್ಲಿ ಸ್ಥಾನವಿಲ್ಲ. ೧೯೩೨ರ ಗ್ರಂಥವನ್ನು ಮುಂದೆ ನಡೆದ ಸಂಗತಿಗಳಿಂದ ದೂಷಿಸುವುದು ನ್ಯಾಯವಲ್ಲ. ಆದರೆ ಒಂದು ಲಕ್ಷಣವು ಅವ್ಯಾಪ್ತವೋ ಅಲ್ಲವೋ ಎಂಬುದನ್ನು ಹೊಸ ಲಕ್ಷ್ಯಗಳಿಂದ ಪರೀಕ್ಷಿಸುವುದು ಶಾಸ್ತ್ರಸಮ್ಮತವೇ.

ಮೊದಲನೆಯ ಲಕ್ಷ್ಯ ಎಕ್ಸಾನ್‌ಮೊಬಿಲ್. ಒಡೆದ ಸ್ಟ್ಯಾಂಡರ್ಡ್ ಆಯಿಲಿನ ಎರಡು ದೊಡ್ಡ ತುಂಡುಗಳು ಹೆಸರು ಬದಲಾಯಿಸಿಕೊಂಡು ೧೯೯೯ರಲ್ಲಿ ಪುನಃ ಕೂಡಿ ಆದ ಕಂಪೆನಿಯಿದು. ೨೦೨೧ರ ಮೇ ೨೬ರ ವಾರ್ಷಿಕ ಸಭೆಯಲ್ಲಿ ‘ಎಂಜಿನ್ ನಂಬರ್ ಒನ್’ ಎಂಬ ಸಣ್ಣ ಹೂಡಿಕೆ ಸಂಸ್ಥೆಯು ಹವಾಮಾನದ ಬದಲಾವಣೆಯನ್ನು ಕಂಪೆನಿಯು ಲಕ್ಷಿಸುತ್ತಿಲ್ಲವೆಂದು ವಾದಿಸಿ ನಾಲ್ವರು ಅಭ್ಯರ್ಥಿಗಳನ್ನು ನಿಲ್ಲಿಸಿತು. ಅವರಲ್ಲಿ ಮೂವರು ೧೨ ಮಂದಿಯ ನಿರ್ದೇಶಕ ಮಂಡಲಿಗೆ ಚುನಾಯಿತರಾದರು. ಆ ಸಂಸ್ಥೆಯ ಕೈಯಲ್ಲಿದ್ದ ಷೇರು ಶೇಕಡ ೦.೦೨ರಷ್ಟು, ಎಂದರೆ ಹತ್ತು ಸಾವಿರಕ್ಕೆ ಎರಡು. ಗೆಲುವು ಸಾಧ್ಯವಾದದ್ದು ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್, ಸ್ಟೇಟ್ ಸ್ಟ್ರೀಟ್ ಎಂಬ ಮೂರು ದೊಡ್ಡ ನಿಧಿಸಂಸ್ಥೆಗಳು ಆ ಅಭ್ಯರ್ಥಿಗಳಲ್ಲಿ ಕೆಲವರಿಗೆ ಮತ ಕೊಟ್ಟುದರಿಂದ. ಈ ಮೂರರ ಕೈಯಲ್ಲಿ ಕಂಪೆನಿಯ ಷೇರುಗಳಲ್ಲಿ ಸುಮಾರು ಐದರಲ್ಲೊಂದು ಭಾಗವಿತ್ತು. ಆದರೆ ಆ ಹಣ ಅವುಗಳದಲ್ಲ. ಲಕ್ಷಾಂತರ ಜನರು ಮುಪ್ಪಿನ ಕಾಲಕ್ಕೆಂದು ಕೂಡಿಟ್ಟದ್ದು. ಹಣವಿಟ್ಟವನಿಗೆ ಫಲ, ನಿಧಿಯನ್ನು ನಡಸುವವನಿಗೆ ಮತ: ೧೮೮೨ರ ಯುಕ್ತಿಯು ಬೇರೆ ವೇಷದಲ್ಲಿ ಹಿಂದಿರುಗಿದೆ. ಆದರೂ ವಿಶೇಷವನ್ನು ಗಮನಿಸಬೇಕು. ಇಲ್ಲಿ ಕಾರ್ಯವನ್ನು ಎಬ್ಬಿಸಿದವನಲ್ಲಿ ಸ್ವತ್ವವು ಕಣಮಾತ್ರ. ಮತವುಳ್ಳವರು ತಾವಾಗಿ ಏಳಲಿಲ್ಲ. ನಿಜವಾಗಿ ಹಣವುಳ್ಳವರನ್ನು ಯಾರೂ ಕೇಳಲಿಲ್ಲ. ಮೂರು ಧರ್ಮಗಳೂ ಮೂರು ಧರ್ಮಿಗಳಲ್ಲಿ ಬೇರೆಬೇರೆಯಾಗಿ ನಿಂತದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಈ ಪ್ರಭಾವವು ಸ್ಥಿರವಲ್ಲವೆಂಬುದಕ್ಕೂ ಸಾಕ್ಷ್ಯವುಂಟು. ೨೦೨೪ರ ಜನವರಿಯಲ್ಲಿ ಇದೇ ಕಂಪೆನಿಯು ಹವಾಮಾನದ ವಿಷಯದ ನಿರ್ಣಯವನ್ನು ಮಂಡಿಸಹೊರಟ ತನ್ನ ಇಬ್ಬರು ಷೇರುದಾರರ ಮೇಲೆಯೇ, ಅರ್ಜುನ ಕ್ಯಾಪಿಟಲ್ ಮತ್ತು ಫಾಲೋ ದಿಸ್ ಎಂಬ ಸಂಸ್ಥೆಗಳ ಮೇಲೆ, ಟೆಕ್ಸಾಸಿನ ನ್ಯಾಯಾಲಯದಲ್ಲಿ ದಾವೆಯನ್ನು ಹೂಡಿತು; ಅವರು ನಿರ್ಣಯವನ್ನು ಹಿಂತೆಗೆದುಕೊಂಡರು. ಒಡೆಯನ ಮೇಲೆ ಒಡವೆಯೇ ವ್ಯಾಜ್ಯ ಹೂಡುವುದನ್ನು ನಮ್ಮ ವ್ಯವಹಾರಾಧ್ಯಾಯವು ಊಹಿಸಿರಲಿಲ್ಲ.

ಎರಡನೆಯ ಲಕ್ಷ್ಯ ಇಂಗ್ಲೆಂಡಿನದು. ಆಂಗ್ಲೋ-ಪರ್ಷಿಯನ್ ಎಣ್ಣೆ ಕಂಪೆನಿಯು ೧೯೦೯ರಲ್ಲಿ ಸ್ಥಾಪಿತವಾಯಿತು. ಅದಕ್ಕೆ ಮೂಲವಾದ ೧೯೦೧ರ ಗುತ್ತಿಗೆಯಲ್ಲಿ ಪರ್ಷಿಯಕ್ಕೆ ನಿಷ್ಕರ್ಷೆಯಾದದ್ದು ನಿವ್ವಳ ಲಾಭದ ಶೇಕಡ ೧೬. ಆಡಳಿತದಲ್ಲಿ ನಿರ್ಣಾಯಕವಾದ ಮಾತು ಇರಲಿಲ್ಲ. ೧೯೧೪ರಲ್ಲಿ ಚರ್ಚಿಲನು ನೌಕಾಖಾತೆಯ ಮುಖ್ಯಸ್ಥನಾಗಿದ್ದಾಗ ಬ್ರಿಟಿಷ್ ಸರ್ಕಾರವು ಯುದ್ಧನೌಕೆಗಳ ಎಣ್ಣೆಗಾಗಿ ಸುಮಾರು ೨೦ ಲಕ್ಷ ಪೌಂಡುಗಳನ್ನು ಕೊಟ್ಟು ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಕೊಂಡಿತು. ಇಬ್ಬರು ನಿರ್ದೇಶಕರನ್ನು ನೇಮಿಸುವ ಹಕ್ಕನ್ನೂ ಅವರಿಗೆ ನಿರಾಕರಣಾಧಿಕಾರವನ್ನೂ ಪಡೆಯಿತು. ಆದರೆ ಆ ಅಧಿಕಾರವನ್ನು ರಾಜಕೀಯ ಮತ್ತು ಯುದ್ಧನೀತಿಯ ವಿಷಯಗಳಲ್ಲಲ್ಲದೆ ಸಾಮಾನ್ಯ ವ್ಯಾಪಾರದಲ್ಲಿ ಬಳಸುವುದಿಲ್ಲವೆಂದು ಖಜಾನೆಯು ಪತ್ರ ಬರೆದುಕೊಟ್ಟಿತು. ಅರ್ಧಕ್ಕೆ ಮೀರಿದ ಸ್ವತ್ವವುಳ್ಳವನು ತನ್ನ ಸ್ವಾತಂತ್ರ್ಯವನ್ನು ತಾನೇ ಕಟ್ಟಿಹಾಕಿಕೊಂಡನು. ಈಗ ಇದರ ವಿಪರ್ಯಯವನ್ನು ನೋಡಿ. ಬ್ರಿಟಿಷ್ ಪೆಟ್ರೋಲಿಯಂ ಎಂದು ಹೆಸರಾಂತ ಅದೇ ಕಂಪೆನಿಯ ತನ್ನ ಷೇರುಗಳನ್ನು ಸರ್ಕಾರವು ೧೯೮೭ರ ವೇಳೆಗೆ ಬಹುಮಟ್ಟಿಗೆ ಮಾರಿಬಿಟ್ಟಿತು. ಆಗ ಕುವೈತ್ ದೇಶದ ಹೂಡಿಕೆಯ ಕಚೇರಿಯು ಪೇಟೆಯಲ್ಲಿ ನ್ಯಾಯವಾಗಿ ಬೆಲೆ ಕೊಟ್ಟು ಶೇಕಡ ೨೧ಕ್ಕಿಂತ ಹೆಚ್ಚು ಷೇರುಗಳನ್ನು ಕೂಡಿಸಿತು. ೧೯೮೮ರಲ್ಲಿ ಬ್ರಿಟಿಷ್ ಸರ್ಕಾರವು ಅದನ್ನು ಶೇಕಡ ೯.೯ಕ್ಕೆ ಇಳಿಸಬೇಕೆಂದು ಆಜ್ಞಾಪಿಸಿತು, ಇಳಿಸಬೇಕಾಯಿತು. ಒಡೆಯನಾಗಿದ್ದಾಗ ಆಳುವುದಿಲ್ಲವೆಂದವನು ಒಡೆತನವನ್ನು ಬಿಟ್ಟ ಮೇಲೆ ಆಜ್ಞೆಮಾಡಿದನು. ಮೀಮಾಂಸಕರು ವಿಶ್ವಜಿದ್ಯಾಗದ ಪ್ರಸಂಗದಲ್ಲಿ, ಸರ್ವಸ್ವವನ್ನೂ ದಾನಮಾಡಬೇಕಾದ ರಾಜನು ಭೂಮಿಯನ್ನೂ ಕೊಡಬೇಕೆ ಎಂದು ಕೇಳಿ, ಕೊಡಲಾಗದು, ರಾಜನಿಗಿರುವುದು ಪಾಲನೆಯ ಅಧಿಕಾರವೇ ಹೊರತು ಭೂಮಿಯ ಸ್ವತ್ವವಲ್ಲ ಎಂದು ನಿರ್ಣಯಿಸಿದ್ದಾರೆ. ಸ್ವತ್ವವಿಲ್ಲದ ಪ್ರಭುತ್ವವೆಂಬುದು ಅವರಿಗೆ ಸುಪರಿಚಿತವಾಗಿತ್ತು.

ಮೂರನೆಯ ಲಕ್ಷ್ಯವು ನಮ್ಮ ಕರಾವಳಿಯಲ್ಲಿಯೇ ಇದೆ. ಮಂಗಳೂರಿನ ಎಣ್ಣೆ ಶುದ್ಧೀಕರಣದ ಕಂಪೆನಿಯಲ್ಲಿ ಒ.ಎನ್.ಜಿ.ಸಿ.ಯು ೨೦೦೩ರಲ್ಲಿ ಅಧಿಕಭಾಗವನ್ನು ಪಡೆಯಿತು. ಅದರ ಭಾಗವು ಶೇಕಡ ೭೧ಕ್ಕಿಂತ ಸ್ವಲ್ಪ ಹೆಚ್ಚು. ಒ.ಎನ್.ಜಿ.ಸಿ.ಯಲ್ಲಿ ಭಾರತ ಸರ್ಕಾರದ ಭಾಗವು ಸುಮಾರು ಶೇಕಡ ೫೯. ಬೇರೆ ದಾರಿಗಳಿಂದ ಬರುವ ಭಾಗಗಳನ್ನು ಬಿಟ್ಟು ಈ ಒಂದು ಸರಪಣಿಯನ್ನೇ ಗುಣಿಸಿ ನೋಡಿದರೆ ಮಂಗಳೂರಿನ ಕಂಪೆನಿಯ ಲಾಭದಲ್ಲಿ ಸರ್ಕಾರಕ್ಕೆ ಸಲ್ಲುವುದು ನೂರಕ್ಕೆ ೪೨ರಷ್ಟು. ಆದರೆ ಆಳ್ವಿಕೆಯು ಪೂರ್ಣ. ತಾರ್ಕಿಕರು ಪರಂಪರಾಸಂಬಂಧವೆನ್ನುವ ಈ ಸರಪಣಿಯಲ್ಲಿ ಒಂದೊಂದು ಕೊಂಡಿ ದಾಟಿದಂತೆಲ್ಲ ಫಲವು ಕ್ಷಯಿಸುತ್ತದೆ, ಅಧಿಕಾರವು ಕ್ಷಯಿಸುವುದಿಲ್ಲ. ಷೇರುಗಳ ಶೇಕಡಾಂಕವನ್ನು ಮಾತ್ರ ಕೊಟ್ಟು ಒಡೆತನವನ್ನು ವಿವರಿಸಿದೆವೆಂದು ತಿಳಿಯುವ ಲೇಖಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಷ್ಟೆಲ್ಲ ಶಬ್ದಪರೀಕ್ಷೆಯಿಂದ ಪ್ರಯೋಜನವೇನೆಂದು ಕೇಳಿದರೆ, ಪ್ರಯೋಜನವು ದೋಷವನ್ನು ಯಾರ ಮೇಲೆ ಇಡಬೇಕೆಂಬ ನಿರ್ಣಯದಲ್ಲಿದೆ. ಯಾಗದಲ್ಲಿ ಕ್ರಿಯೆಗಳನ್ನು ಬಹುಮಟ್ಟಿಗೆ ಮಾಡುವವರು ದಕ್ಷಿಣೆಯನ್ನು ಪಡೆದ ಋತ್ವಿಜರು, ಫಲವು ಯಜಮಾನನಿಗೆ. ಆದರೆ ಸಂಕಲ್ಪವನ್ನೂ ದ್ರವ್ಯತ್ಯಾಗವನ್ನೂ ಯಜಮಾನನೇ ಮಾಡಬೇಕು. ಆದುದರಿಂದಲೇ ಅವನು ಸ್ವಾಮಿ. ಎಣ್ಣೆ ಕಂಪೆನಿಯಲ್ಲಿ ಷೇರುದಾರನು ಫಲವನ್ನು ಮಾತ್ರ ಪಡೆಯುವ ಯಜಮಾನ, ಸಂಕಲ್ಪವು ಋತ್ವಿಜರದು. ೨೦೧೦ರ ಏಪ್ರಿಲಿನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ಅಟ್ಟಣೆಯು ಸಿಡಿದು ೧೧ ಮಂದಿ ಸತ್ತರು; ತಿಂಗಳುಗಟ್ಟಲೆ ಎಣ್ಣೆಯು ಕಡಲಿಗೆ ಸೋರಿತು. ಆ ಜೂನಿನಲ್ಲಿ ಬ್ರಿಟಿಷ್ ಕಂಪೆನಿಯು ೨,೦೦೦ ಕೋಟಿ ಡಾಲರುಗಳ ಪರಿಹಾರನಿಧಿಗೆ ಒಪ್ಪಿ, ಷೇರುದಾರರ ಲಾಭಾಂಶವನ್ನು ನಿಲ್ಲಿಸಿತು. ಲಾಭಾಂಶವನ್ನೇ ನೆಚ್ಚಿದ್ದ ನಿವೃತ್ತಿವೇತನದ ನಿಧಿಗಳಿಗೆ ಪೆಟ್ಟು ಬಿತ್ತು. ಆ ವೇತನದಿಂದ ಬಾಳುವ ಮುದುಕನಿಗೆ ತಾನು ಆ ಬಾವಿಯ ‘ಒಡೆಯ’ರಲ್ಲೊಬ್ಬನೆಂಬುದೇ ತಿಳಿದಿರಲಿಕ್ಕಿಲ್ಲ, ಅವನ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಮತ್ತೊಂದು ಕಡೆ, ಹೂಡಿದ ಹಣಕ್ಕೆ ಮೀರಿ ಅವನು ಏನನ್ನೂ ಕೊಡಬೇಕಾಗಿರಲಿಲ್ಲ. ಸತ್ತವರ ಮನೆಯವರಿಗೆ ಅವನು ಉತ್ತರ ಹೇಳಬೇಕಾಗಿರಲಿಲ್ಲ. ಸಂಭೂಯಸಮುತ್ಥಾನದಲ್ಲಿ ಅನುಮತಿಯೂ ಹೊಣೆಯೂ ಜೊತೆಜೊತೆಯಾಗಿ ಇದ್ದವು. ಇಲ್ಲಿ ಎರಡೂ ಜೊತೆಯಾಗಿಯೇ ಹೋಗಿವೆ. ‘ಷೇರುದಾರರೇ ಒಡೆಯರು’ ಎಂಬ ವಾಕ್ಯವು ಈ ಶೂನ್ಯವನ್ನು ಮುಚ್ಚುತ್ತದೆ. ಲಾಭವನ್ನು ಸಮರ್ಥಿಸಬೇಕಾದಾಗ ಆಡಳಿತಗಾರರು ಒಡೆಯರ ಹೆಸರನ್ನು ಹೇಳುತ್ತಾರೆ. ದೋಷವು ಬಂದಾಗ ಒಡೆಯರು ಆಡಳಿತಗಾರರನ್ನು ತೋರಿಸುತ್ತಾರೆ. ಇದೇ ಆ ಲಕ್ಷಣೆಯ ಪ್ರಯೋಜನ.

ಟಾರ್ಬೆಲ್ ದೋಷಕ್ಕೆ ಆಶ್ರಯವಾಗಿ ಒಬ್ಬ ಪುರುಷನನ್ನು ಕೊಟ್ಟಳು. ಅದರಿಂದ ಅವಳ ಗ್ರಂಥಕ್ಕೆ ಬಲ ಬಂದಿತು, ಯಥಾರ್ಥತೆಯು ಸ್ವಲ್ಪ ಕುಂದಿತು. ಬರ್ಲಿ ಮತ್ತು ಮೀನ್ಸರು ಯಥಾರ್ಥವನ್ನು ಹೇಳಿದರು. ಆದರೆ ಅವರ ಗ್ರಂಥದಲ್ಲಿ ದೋಷವು ನಿರಾಶ್ರಯವಾಗಿ ಅಲೆಯುತ್ತದೆ. ಕೊನೆಯಲ್ಲಿ ಅವರು ಷೇರುದಾರರನ್ನೂ ಆಡಳಿತಗಾರರನ್ನೂ ಬಿಟ್ಟು ಸಮಾಜದ ಹಕ್ಕೇ ಮೇಲಾಗಬಹುದೆಂದು ಸೂಚಿಸುತ್ತಾರೆ. ಅದು ಒಳ್ಳೆಯ ಸೂಚನೆ, ನಿರ್ಣಯವಲ್ಲ.

ಭಾಷೆಯ ವಿಷಯದಲ್ಲಿ ನಮ್ಮ ಕೈಯಲ್ಲಿರುವ ನಿರ್ಣಯವು ಸುಲಭವಾದದ್ದು. ‘ಪಾಲುದಾರ’ ಎಂಬುದನ್ನು ಕೂಡಿ ದುಡಿದು ಕೂಡಿ ನಷ್ಟಪಡುವವರಿಗೆ ಬಿಡತಕ್ಕದ್ದು. ‘ಒಡೆಯ’ ಎಂಬುದನ್ನು ಸ್ವತ್ವಸ್ವಾತಂತ್ರ್ಯಗಳೆರಡೂ ಒಬ್ಬನಲ್ಲಿದ್ದಾಗ ಮಾತ್ರ ಹೇಳತಕ್ಕದ್ದು. ಎಣ್ಣೆ ಕಂಪೆನಿಯ ಷೇರನ್ನು ಹಿಡಿದವನಿಗೆ ‘ಷೇರುದಾರ’ ಎಂಬ ರೂಢಿಶಬ್ದವೇ ಸಾಕು. ಪಾಠ ಹೇಳುವವರು ಇಂಥ ಬರೆಹವೊಂದನ್ನು ವಿದ್ಯಾರ್ಥಿಗಳ ಮುಂದಿಡುವಾಗ ಫಲವು ಯಾರಿಗೆ, ಸಂಕಲ್ಪವು ಯಾರದು, ಹೊಣೆಯು ಯಾರ ಮೇಲೆ ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಸಿದರೆ, ಲೇಖಕನು ತಿಳಿದು ಬರೆದಿರುವನೋ ರೂಢಿಗೆ ಬಿದ್ದು ಬರೆದಿರುವನೋ ಎಂಬುದು ಅವರಿಗೆ ತಾನಾಗಿಯೇ ಗೋಚರವಾದೀತು.